ಅಪ್‌ಡೇಟ್: ಚಾಮುಂಡಿ ಬೆಟ್ಟದ ಮೆಟ್ಟಿಲು, ಮಾಸ್ಕ್ ಮತ್ತು ಚಪ್ಪಲಿ ಸಮಸ್ಯೆ

ಕೊರೊನಾ ಲಾಕ್‌ಡೌನ್ ಆದಮೇಲೆ 2020ರ ಜೂನ್ 8ಕ್ಕೆ ದೇವಸ್ಥಾನಗಳು ತೆರೆದಾಗ, ಮಾಸ್ಕ್ ಹಾಕಿಕೊಂಡು 1,008 ಮೆಟ್ಟಿಲು ಹತ್ತೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಗೊತ್ತಾದದ್ದು ಇಷ್ಟು.

ಬಟ್ಟೆ ಮಾಸ್ಕ್ ಬೆವರಿಗೆ ಒದ್ದೆಯಾದರೆ ಮೂಗಿಗೆ ಅಂಟಿ ಉಸಿರು ಕಟ್ಟುತ್ತದೆ. ಒಣಗಿದ ಮೂರು ಬೇಕು: ಒಂದು ಹತ್ತುವಾಗ, ಒಂದು ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದ ಹತ್ತಿರ ಬದಲಿಸಲು, ಇನ್ನೊಂದು ದರ್ಶನಕ್ಕೆ. ಮೊದಲ ಇನ್ನೂರು ಮುನ್ನೂರು ಮೆಟ್ಟಿಲೇ ಕಡಿದು. ಅಲ್ಲಿ ಅವಸರ ಮಾಡಿದವರೇ ಏದುಸಿರು ಬಿಡೋದು.

ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುವವರು ಸ್ಯಾನಿಟೈಸರ್ ಪೂರ್ತಿ ಆರಲು ಬಿಡಿ. ಹಸಿಗೈಯಲ್ಲಿ ಮುಟ್ಟಿದರೆ ಕುಂಕುಮ ಕೆಸರಾಗಿ ಬೆರಳಿಗೇ ಮೆತ್ತಿಕೊಳ್ಳುತ್ತದೆ. ಕರ್ಪೂರದ ಹತ್ತಿರವಂತೂ ಹಸಿಗೈ ಬೇಡವೇ ಬೇಡ, ಸ್ಯಾನಿಟೈಸರ್‌ನಲ್ಲಿರೋದು ಆಲ್ಕೋಹಾಲ್.

ಚಪ್ಪಲಿ ನಿಮ್ಮ ಗಾಡಿಯಲ್ಲೇ ಬಿಡಿ ಅನ್ನುತ್ತಿತ್ತು ಆಗಿನ ನಿಯಮ. ನಡೆದು ಬಂದವರಿಗೆ ಗಾಡಿ ಎಲ್ಲಿಂದ ಬರಬೇಕು! ಒಂದು ಬಟ್ಟೆ ಚೀಲ ಸಾಕು.

ಆಗ ತೀರ್ಥ, ಪ್ರಸಾದ ಇರಲಿಲ್ಲ. ನೀರು, ಬೆಲ್ಲ ಒಯ್ಯಿರಿ. 65 ದಾಟಿದವರು, 10ರೊಳಗಿನ ಮಕ್ಕಳು ಮನೆಯಲ್ಲೇ ಇರಲಿ ಅಂತ ಸೂಚನೆಯಿತ್ತು. 2020ರ ಆಷಾಢ ಶುಕ್ರವಾರ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ, ಬೇರೆ ದಿನ ನೋಡಿಕೊಳ್ಳಬೇಕಿತ್ತು.