ಕಾಂಕ್ರೀಟ್ ಅಂಗಳಕ್ಕೆ ಆಸಿಡ್ ಹಾಕಿ ತೊಳೆದ ಮೇಲೆ ಹಾವಸೆ ಇನ್ನೂ ಹೆಚ್ಚಾಗಿದೆ, ಏನು ಮಾಡಬೇಕು?

ಪ್ರಶ್ನೆ (ಶಿರಸಿ ತಾಲೂಕಿನಿಂದ, ಸೆಪ್ಟೆಂಬರ್ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದ ಮನೆ. ಅಡಿಕೆ ಒಣಗಿಸಲು ಅನುಕೂಲವಾಗಲೆಂದು 2018ರಲ್ಲಿ ಮಣ್ಣಿನ ಅಂಗಳ ತೆಗೆಸಿ 30 ಅಡಿ ಉದ್ದ, 24 ಅಡಿ ಅಗಲಕ್ಕೆ ನಾಲ್ಕಿಂಚು ಕಾಂಕ್ರೀಟ್ ಹಾಕಿಸಿದೆವು. ಮೊದಲ ಕೆಲವು ವರ್ಷ ತೊಂದರೆ ಇರಲಿಲ್ಲ. ಆಮೇಲೆ ಹಲಸಿನ ಮರದ ನೆರಳು ಬೀಳುವ ಮೂಲೆಯಲ್ಲಿ ಮಳೆಗಾಲದ ಕೊನೆಗೆ ಹಾವಸೆ ಕಟ್ಟತೊಡಗಿತು. ಕಳೆದ ವರ್ಷ ಕೊನೆಕೊಯ್ಲಿಗೆ ಮುಂಚೆ, ಕೆಲಸದವರ ಮಾತು ಕೇಳಿ ಶೌಚಾಲಯ ತೊಳೆಯುವ ಆಸಿಡ್ ಸುರಿದು ಉಜ್ಜಿಸಿದೆವು. ನೊರೆಯೆದ್ದು ಅಂಗಳ ಹೊಸದರಂತೆ ಬೆಳ್ಳಗಾಗಿದ್ದು ಕಂಡು ಸಂತೋಷಪಟ್ಟಿದ್ದೆ. ಈ ವರ್ಷ ಜುಲೈ ತಿಂಗಳಲ್ಲೇ ಹಾವಸೆ ಅರ್ಧ ಅಂಗಳಕ್ಕೆ ಹಬ್ಬಿದೆ. ತುಳಸಿಗೆ ನೀರು ಹಾಕಿ ಬರುತ್ತಿದ್ದ ಅತ್ತೆಯವರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ. ಹಿಂದೆ ಮಾಡುತ್ತಿದ್ದಂತೆ ಓಡಾಡುವ ದಾರಿಗೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿಕೊಂಡು ದಿನ ದೂಡುತ್ತಿದ್ದೇವೆ.

ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಏಳುತ್ತದೆ. ನಡುವೆ ಕರ್ಣರೇಖೆಯಂತೆ ಒಂದು ಬಿರುಕೂ ಇದೆ. ಕೊಳೆರೋಗಕ್ಕೆ ತಂದ ಮೈಲುತುತ್ತ ಉಳಿದಿದೆ, ಅದನ್ನೇ ಕರಗಿಸಿ ಹೊಡೆಯೋಣವೆಂದು ಮನೆಯವರ ಅಭಿಪ್ರಾಯ. ಮತ್ತೊಮ್ಮೆ ಆಸಿಡ್ ಹಾಕಬಹುದೇ? ನೀರು ಹೀರದಂತೆ ಬಣ್ಣ ಬಳಿಸಿದರೆ ಪರಿಹಾರವಾದೀತೇ?

ಉತ್ತರ (ಕುಮಟಾದಿಂದ)

ಅಕ್ಕಾ, ಅತ್ತೆಯವರು ಬೇಗ ಗುಣವಾಗಲಿ. ದಯವಿಟ್ಟು ಇನ್ನೊಮ್ಮೆ ಆಸಿಡ್ ಮುಟ್ಟಬೇಡಿ. ಈ ವರ್ಷ ಹಾವಸೆ ಹೆಚ್ಚಾಗಲು ಅದೇ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ. ಆಗ ಎದ್ದ ನೊರೆ ಕೊಳೆ ಕರಗಿದ್ದರಿಂದ ಬಂದದ್ದಲ್ಲ, ಆಸಿಡ್ ಸಿಮೆಂಟಿನಲ್ಲಿರುವ ಸುಣ್ಣದ ಅಂಶವನ್ನು ತಿನ್ನುವಾಗ ಬಂದದ್ದು. ಗಾರೆಯವರು ಕರಣೆಯಿಂದ ತಿಕ್ಕಿ ತಂದಿದ್ದ ನುಣುಪಾದ ಮೇಲ್ಪದರ ಕರಗಿಹೋದರೆ ಮರಳಿನ ಕಣಗಳು ಮೇಲೆದ್ದು, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಉಳಿಯುತ್ತವೆ. ಆ ಗುಳಿಗಳಲ್ಲಿ ನೀರೂ ಧೂಳೂ ನಿಂತು ಹಾವಸೆಗೆ ಬೇರೂರಲು ಜಾಗ ಸಿಗುತ್ತದೆ. ಒಣಗಿದ ಜಾಗದಲ್ಲಿ ಅಂಗೈಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಕೈಗೆ ಮರಳು ಹತ್ತಿದರೆ ಮೇಲ್ಪದರ ಹೋಗಿದೆ ಎಂದೇ ಅರ್ಥ.

ಮೈಲುತುತ್ತವೂ ಬೇಡ. ತಾಮ್ರ ಹಾವಸೆಯನ್ನು ಕೊಲ್ಲುತ್ತದೆ ಎಂಬುದು ನಿಜ, ಆದರೆ ಸುಣ್ಣ ಬೆರೆಸದ ಮೈಲುತುತ್ತದ ನೀರು ಆಮ್ಲೀಯವಾಗಿರುತ್ತದೆ, ಅದರ ಸಲ್ಫೇಟ್ ಸಿಮೆಂಟಿಗೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಅಡಿಕೆಯನ್ನೂ ಹಪ್ಪಳ ಸಂಡಿಗೆಯನ್ನೂ ಹರಡುವ ಜಾಗದಲ್ಲಿ ತಾಮ್ರ ಉಳಿದುಕೊಳ್ಳುವುದು ಸರಿಯಲ್ಲ.

ಮಳೆ ಬಿಡುವು ಕೊಟ್ಟ ಮೇಲೆ ಬ್ಲೀಚಿಂಗ್ ಪೌಡರ್ ಬಳಸಿ. ಹತ್ತು ಲೀಟರ್ ನೀರಿನ ಪ್ಲಾಸ್ಟಿಕ್ ಬಕೆಟ್ಟಿಗೆ ಸುಮಾರು 250 ಗ್ರಾಂ ಹಾಕಿ ಕೋಲಿನಿಂದ ಕಲಕಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಉಪಯೋಗಿಸಬೇಕು. ತಳದ ಗಸಿಯನ್ನೂ ಸುರಿದರೆ ಅಂಗಳದ ಮೇಲೆ ಬಿಳಿ ಸುಣ್ಣದ ಪೊರೆ ಕೂರುತ್ತದೆ. ಮೊದಲು ಅಂಗಳವನ್ನು ಬರೀ ನೀರಿನಿಂದ ನೆನೆಸಿ, ಬಿಸಿಲು ಇಳಿದ ಮೇಲೆ ಈ ತಿಳಿಯನ್ನು ಹರಡಿ, ಒಣಗಲು ಬಿಡದೆ ಇಪ್ಪತ್ತು ನಿಮಿಷ ಹಸಿಯಾಗಿಟ್ಟರೆ ಹಸಿರು ಬಣ್ಣ ಕಂದಾಗಿ, ಅಂಟಿದ್ದದ್ದು ಸಡಿಲವಾಗುತ್ತದೆ. ಆಮೇಲೆ ಗಟ್ಟಿ ನೈಲಾನ್ ಬ್ರಶ್ಶಿನಿಂದ ಉಜ್ಜಿ. ತಂತಿ ಬ್ರಶ್ಶು ಬೇಡ, ಅದರಿಂದ ಉದುರಿದ ಕಬ್ಬಿಣದ ಚೂರು ತುಕ್ಕಾಗುತ್ತದೆ. ಅಡಿಕೆಯ ಚೊಗರು ಬಿದ್ದಲ್ಲಿ ಕಬ್ಬಿಣ ಸೇರಿದರೆ ಮಸಿಯಂಥ ಕಪ್ಪು ಕಲೆಯೂ ಆಗುತ್ತದೆ.

ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರಿಗೆ ಆಸಿಡ್ ತಗುಲಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಆಸಿಡ್ ಹಾಕಿದ್ದ ಬಕೆಟ್ಟನ್ನೂ ಬ್ರಶ್ಶನ್ನೂ ಇದಕ್ಕೆ ತರಬೇಡಿ. ತೊಳೆದ ನೀರು ಬಾವಿಯ ಕಡೆಗೂ ತುಳಸಿಕಟ್ಟೆಗೂ ಹೋಗದಂತೆ ಮಣ್ಣಿನ ಒಡ್ಡು ಕಟ್ಟಿ, ದನಗಳನ್ನು ಅತ್ತ ಬಿಡಬೇಡಿ.

ಆದರೆ ತೊಳೆಯುವುದು ಅರ್ಧ ಕೆಲಸ ಮಾತ್ರ. ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡದೆ ಏನು ಬಳಿದರೂ ಹಾವಸೆ ಮತ್ತೆ ಬಂದೇ ಬರುತ್ತದೆ. ಹತ್ತು ಕೊಡ ನೀರು ಸುರಿದು ಕಾಲು ತಾಸು ಕಾದು, ನೀರು ನಿಂತ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಇಂಥ ಅಂಗಳಕ್ಕೆ ನೂರಕ್ಕೆ ಒಂದರಷ್ಟಾದರೂ ವಾಟ (ನೀರು ಹರಿಯುವ ಇಳಿಜಾರು) ಇರಬೇಕು, ಅಂದರೆ ನಿಮ್ಮ 24 ಅಡಿಗೆ ಸುಮಾರು ಮೂರಿಂಚು. ನೀರು ಪೈಪಿನ ಮಟ್ಟ ಹಿಡಿದರೆ ತಿಳಿಯುತ್ತದೆ. ಸೂರಿನ ನೀರು ನೇರವಾಗಿ ಅಂಗಳಕ್ಕೆ ಬೀಳುತ್ತಿದ್ದರೆ ಸೂರಿನಂಚಿಗೆ ದೋಣಿ (ನೀರು ಹಿಡಿದು ಸಾಗಿಸುವ ತೂಬು) ಕಟ್ಟಿಸಿ ಹೊರಗೆ ಒಯ್ಯಿರಿ. ಹಲಸಿನ ಮರ ಕಡಿಯಬೇಕಾಗಿಲ್ಲ, ಅಂಗಳಕ್ಕೆ ಚಾಚಿದ ಎರಡು ಕೊಂಬೆ ಸವರಿದರೆ ಬೆಳಗಿನ ಬಿಸಿಲು ಬೀಳುತ್ತದೆ.

ಬಿಳಿ ಪುಡಿ ಕಾಂಕ್ರೀಟಿನೊಳಗಿನ ಸುಣ್ಣ ನೀರಿನೊಡನೆ ಮೇಲೆ ಬಂದು ಗಾಳಿಗೆ ಗಟ್ಟಿಯಾದದ್ದು. ಒಣ ಬ್ರಶ್ಶಿನಿಂದ ಗುಡಿಸಿ ತೆಗೆಯಿರಿ. ಗೋಡೆಯ ಬುಡಕ್ಕೆ ನೀರು ಬರುವುದು ನಿಂತರೆ ಅದೂ ಕಡಿಮೆಯಾಗುತ್ತದೆ.

ಮೇಲ್ಪದರ ಹೋದ ಕಡೆ ಲೇಟೆಕ್ಸ್ (ಗಾರೆ ಚೆನ್ನಾಗಿ ಅಂಟಲು ಸೇರಿಸುವ ದ್ರವ) ಬೆರೆಸಿದ ಸಿಮೆಂಟ್ ಗಾರೆಯನ್ನು ಅರ್ಧ ಇಂಚಿಗಿಂತ ತೆಳುವಾಗಿ ಹಾಕಿಸಬಹುದು. ವಾಟವನ್ನೂ ಅದರಲ್ಲೇ ಸ್ವಲ್ಪ ಸರಿಪಡಿಸಿಕೊಳ್ಳಬಹುದು. ಗಾರೆಯವರು ಕನ್ನಡಿಯಂತೆ ನುಣುಪು ಮಾಡಲು ಹೊರಟರೆ ತಡೆಯಿರಿ. ಹಸಿಯಿರುವಾಗಲೇ ಮೆತ್ತನೆಯ ಪೊರಕೆಯನ್ನು ನೀರು ಹರಿಯುವ ದಿಕ್ಕಿಗೆ ಎಳೆದು ಸಣ್ಣ ಗೆರೆ ಮೂಡಿಸಿದರೆ ಕಾಲಿಗೆ ಹಿಡಿತ ಸಿಗುತ್ತದೆ, ನೀರೂ ನಿಲ್ಲುವುದಿಲ್ಲ. ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಿ.

ಬಣ್ಣ ಬಳಿಸುವುದನ್ನು ನಾನು ಒಪ್ಪುವುದಿಲ್ಲ. ಹೊಳಪಿನ ಪದರ ಮಳೆಗೆ ಇನ್ನಷ್ಟು ಜಾರುತ್ತದೆ, ಕೆಳಗಿನಿಂದ ಬರುವ ತೇವಕ್ಕೆ ಸಿಪ್ಪೆಯಂತೆ ಏಳುತ್ತದೆ. ಬೇಕೆಂದರೆ ಕಾಂಕ್ರೀಟಿನ ಒಳಗಿಳಿದು ನೀರು ಹೀರದಂತೆ ತಡೆಯುವ ಸಿಲೇನ್ ಮಾದರಿಯ ದ್ರವವನ್ನು, ಗಾರೆ ಹಾಕಿ 28 ದಿನಗಳಾದ ಮೇಲೆ, ಒಣ ಹವೆಯಲ್ಲಿ ಹಚ್ಚಿಸಿ.

ಉತ್ತರ (ಕಾರವಾರದಿಂದ)

ಮೇಲಿನ ಮಾತಿಗೆ ಬಿರುಕಿನ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. 30 ಅಡಿಯ ಹಾಸನ್ನು ನಡುವೆ ಸೀಳು ಬಿಡದೆ ಒಂದೇ ಆಗಿ ಹಾಕಿದರೆ, ಒಣಗಿ ಕುಗ್ಗುವಾಗ ಕಾಂಕ್ರೀಟು ತಾನೇ ಒಡೆಯುತ್ತದೆ. ನಾಲ್ಕಿಂಚಿನ ಹಾಸಿಗೆ ಎಂಟು ಹತ್ತು ಅಡಿಗೊಂದು ಸೀಳು ಬೇಕಿತ್ತು. ಈಗ ಆ ಬಿರುಕಿಗೆ ಸಿಮೆಂಟ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಅಗಲಿಸಿ, ಧೂಳು ತೆಗೆದು, ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ. ಹೊಸ ಗಾರೆ ಹಾಕಿಸುವಾಗ ಅದೇ ಗೆರೆಯ ಮೇಲೆ ಸಂದು ಬಿಡಿಸಿ.

ನಮ್ಮ ಕರಾವಳಿಯವರು ಇದನ್ನು ಓದುತ್ತಿದ್ದರೆ, ಬಿರುಕಿನಲ್ಲಿ ಕೆಂಪು ಕಂದು ನೀರು ಇಳಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಹಾಸಿನೊಳಗೆ ಕಬ್ಬಿಣವಿದ್ದು, ಉಪ್ಪುಗಾಳಿಯಿಂದಲೋ ತೊಳೆಯದ ಅಳಿವೆಯ ಮರಳಿನಿಂದಲೋ ಕ್ಲೋರೈಡ್ ಸೇರಿದ್ದರೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಅಂಥಲ್ಲಿ ಬ್ಲೀಚಿಂಗ್ ಪೌಡರಿನ ನೀರನ್ನು ಬಿರುಕಿಗೆ ಇಳಿಸಬಾರದು, ಅದರಲ್ಲೂ ಕ್ಲೋರೈಡ್ ಇದೆ. ಬರೀ ನೀರು, ಬ್ರಶ್ಶು ಸಾಕು.

ಪ್ರಶ್ನೆ ಕೇಳಿದವರಿಂದ (ಡಿಸೆಂಬರ್)

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಅಂಗೈಯಿಂದ ಉಜ್ಜಿದಾಗ ಹಿಡಿ ಮರಳೇ ಬಂತು. ನೀರು ಸುರಿದು ನೋಡಿದರೆ ವಾಟ ಹೊರಗಿನ ಬದಲು ಹಲಸಿನ ಮೂಲೆಗೇ ಇತ್ತು. ಸೂರಿಗೆ ದೋಣಿ ಕಟ್ಟಿಸಿ, ದೀಪಾವಳಿ ಕಳೆದ ಮೇಲೆ ಆ ಮೂಲೆಗೂ ಓಡಾಡುವ ದಾರಿಗೂ ಗೆರೆ ಎಳೆದ ಗಾರೆ ಹಾಕಿಸಿದೆವು. ಗೋಣಿಚೀಲ ಹೊದಿಸಿದ್ದ ಒಂದು ವಾರ ಕೊಯ್ದ ಅಡಿಕೆಯನ್ನು ಅಟ್ಟದಲ್ಲಿ ಹರಡಿಕೊಂಡೆವು. ಉಳಿದ ಅಂಗಳ ಬ್ಲೀಚಿಂಗ್ ಪೌಡರಿನಿಂದಲೇ ಶುದ್ಧವಾಗಿದೆ. ಬಿರುಕಿಗೆ ಸೀಲೆಂಟ್ ತುಂಬಿಸುವುದು ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಮಾರ್ಚ್ ತಿಂಗಳಲ್ಲಿ. ಅತ್ತೆಯವರ ಕೈಯ ಪಟ್ಟಿ ಬಿಚ್ಚಿದ್ದಾರೆ. ತುಳಸಿಗೆ ನೀರು ಹಾಕಲು ಅವರೇ ಹೋಗುತ್ತಿದ್ದಾರೆ.