ತೋಟದ ಸೆನ್ಸರ್‌ಗೆ ಯಾವ ವೈರ್‌ಲೆಸ್ ಒಳ್ಳೇದು? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಮನೆಯಿಂದ ತೋಟ ಸುಮಾರು 500 ಮೀಟರ್ ದೂರ. ಅಲ್ಲಿನ ಮಣ್ಣಿನ ತೇವ ಎಷ್ಟಿದೆ ಅಂತ ಗಂಟೆಗೊಮ್ಮೆ ಮನೆಯಲ್ಲಿ ಗೊತ್ತಾಗಬೇಕು. ತೋಟದಲ್ಲಿ ಕರೆಂಟ್ ಇಲ್ಲ, ಬ್ಯಾಟರಿಯೇ ಗತಿ. ವೈಫೈ ಸಾಕಾಗುತ್ತಾ?

ಉತ್ತರ: ನಾನೂ ವೈಫೈಯಿಂದಲೇ ಶುರು ಮಾಡಿದ್ದೆ. ನಡುವೆ ಎರಡು ರಿಪೀಟರ್ ಇಟ್ಟರೂ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಬ್ಯಾಟರಿ ಒಂದು ವಾರವೂ ಬರಲಿಲ್ಲ. ಆಮೇಲೆ ಲೋರಾ (LoRa, ಸ್ವಲ್ಪವೇ ಮಾಹಿತಿಯನ್ನು ದೂರಕ್ಕೆ ನಿಧಾನವಾಗಿ ಕಳಿಸುವ ವೈರ್‌ಲೆಸ್) ಹಾಕಿದೆ, ಈಗ ನೆಮ್ಮದಿ.

ಎರಡರಲ್ಲೂ ಓಡುವುದು ರೇಡಿಯೋ ಅಲೆಯೇ. ಸೊನ್ನೆ, ಒಂದು ಎಂಬ ಅಂಕಿಗಳಿಗೆ (ಇವೇ ಬಿಟ್) ತಕ್ಕಂತೆ ಅಲೆಯನ್ನು ಬದಲಿಸಿ ಕಳಿಸುತ್ತಾರೆ. ಆ ಕಡೆಯ ರಿಸೀವರ್ ಬದಲಾವಣೆಯನ್ನು ಓದಿ ಮತ್ತೆ ಅಂಕಿ ಮಾಡಿಕೊಳ್ಳುತ್ತದೆ. ವೈಫೈ ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ ಕಳಿಸುತ್ತದೆ. ಅಷ್ಟು ಅವಸರದಲ್ಲಿ ಓದಬೇಕಾದರೆ ಸಿಗ್ನಲ್ ಗಟ್ಟಿಯಾಗಿರಬೇಕು. ಲೋರಾ ತುಂಬಾ ನಿಧಾನ, ಅತಿ ನಿಧಾನದ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಕೆಲವೇ ನೂರು ಬಿಟ್. ದೂರದಲ್ಲಿ ಇರುವವರನ್ನು ನಾವು ಎಳೆದು ಎಳೆದು ಕೂಗುತ್ತೇವೆ ಅಲ್ವಾ, ಹಾಗೇ ಇದು. ಒಂದೊಂದು ಸಂಕೇತಕ್ಕೂ ಜಾಸ್ತಿ ಹೊತ್ತು ಸಿಗುವುದರಿಂದ, ಗದ್ದಲದ ಅಡಿಯಲ್ಲಿ ಮುಚ್ಚಿಹೋದ ಸಿಗ್ನಲನ್ನೂ ರಿಸೀವರ್ ಹೆಕ್ಕಿ ತೆಗೆಯುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಕೆಲವು ಕಿಲೋಮೀಟರ್ ಕೂಡ ತಲುಪುತ್ತದೆ. ತೇವದ ಅಂಕಿಗೆ ಎರಡು ಬೈಟ್, ಅಂದರೆ 16 ಬಿಟ್ ಸಾಕು. ಅದಕ್ಕೆ ವೇಗ ಯಾಕೆ ಬೇಕು?

ಇನ್ನೊಬ್ಬರು: ಲೋರಾ ಸರಿ, ಆದರೆ ಆಂಟೆನಾ ಎಲ್ಲಿಡುತ್ತೀರಿ ಅನ್ನುವುದು ಅಷ್ಟೇ ಮುಖ್ಯ. ನಾನು ಗಿಡದ ಬುಡದಲ್ಲಿ ಇಟ್ಟಿದ್ದೆ. ಜೋರು ಮಳೆ ಬಂದ ದಿನ ಸುದ್ದಿಯೇ ಇರುತ್ತಿರಲಿಲ್ಲ. ಒದ್ದೆ ಎಲೆ, ಒದ್ದೆ ಮಣ್ಣು ಎರಡೂ ಅಲೆಯನ್ನು ಹೀರುತ್ತವೆ. ಕಂಬಕ್ಕೆ ಕಟ್ಟಿ ಎರಡಾಳೆತ್ತರಕ್ಕೆ ಏರಿಸಿದ ಮೇಲೆ ಒಂದು ಸಂದೇಶವೂ ತಪ್ಪಿಲ್ಲ. ತಗಡಿನ ಡಬ್ಬದೊಳಗೆ ಮಾತ್ರ ಇಡಬೇಡಿ, ಲೋಹ ಅಲೆಯನ್ನು ತಡೆದುಬಿಡುತ್ತದೆ. ಪ್ಲಾಸ್ಟಿಕ್ ಡಬ್ಬ ಸಾಕು.

ಮತ್ತೊಬ್ಬರು: ಕೊಳ್ಳುವಾಗ ಫ್ರೀಕ್ವೆನ್ಸಿ ನೋಡಿ. ಲೈಸೆನ್ಸ್ ಇಲ್ಲದೆ ಬಳಸುವ ಬ್ಯಾಂಡ್ (ಫ್ರೀಕ್ವೆನ್ಸಿಗಳ ಪಟ್ಟಿ) ದೇಶದಿಂದ ದೇಶಕ್ಕೆ ಬೇರೆ. ಭಾರತಕ್ಕೆ 865 ಮೆಗಾಹರ್ಟ್ಜ್ ಆಸುಪಾಸಿನದು, ಅಮೆರಿಕಕ್ಕೆ 915. ಬ್ಯಾಟರಿ ಬಗ್ಗೆ ಚಿಂತೆ ಬೇಡ. ಕಳಿಸುವುದು ಒಂದೆರಡು ಸೆಕೆಂಡಿನ ಕೆಲಸ, ಉಳಿದ ಹೊತ್ತು ಸೆನ್ಸರನ್ನು ಮಲಗಿಸಿಬಿಡಿ. ನನ್ನದು ಹಾಗೇ ತಿಂಗಳುಗಟ್ಟಲೆ ಓಡುತ್ತಿದೆ.

ಮುಂದೆ ಕ್ಯಾಮೆರಾ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಿ. ಲೋರಾದಲ್ಲಿ ವಿಡಿಯೋ ಹೋಗುವುದಿಲ್ಲ. ಅದಕ್ಕೆ ಎರಡೂ ಕಡೆ ಎದುರುಬದುರು ನಿಲ್ಲಿಸುವ ವೈಫೈ ಆಂಟೆನಾ ಬೇಕು, ತೋಟಕ್ಕೆ ಸೋಲಾರ್ ಪ್ಯಾನೆಲ್ ಕೂಡ ಬೇಕಾಗುತ್ತದೆ.