ಶಿಬಿರದಲ್ಲಿ ಸಿಪ್ಯಾಪ್ ಯಂತ್ರಕ್ಕೆ ಎಷ್ಟು ಬ್ಯಾಟರಿ ಬೇಕು?

ಪ್ರಶ್ನೆ: ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗಾಗಿ ನಾನು ಪ್ರತಿ ರಾತ್ರಿ ಸಿಪ್ಯಾಪ್ (ಮುಖವಾಡದ ಮೂಲಕ ಒತ್ತಡದಿಂದ ಗಾಳಿ ಊದುವ ಯಂತ್ರ) ಬಳಸುತ್ತೇನೆ. ವಿದ್ಯುತ್ ಇಲ್ಲದ ಕಡೆ ಎರಡು ರಾತ್ರಿ ತಂಗಬೇಕಿದೆ. ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕಾದೀತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಹೆಚ್ಚು ವಿದ್ಯುತ್ ಎಳೆಯುವುದು ಮೋಟಾರಲ್ಲ, ಗಾಳಿಗೆ ತೇವ ಸೇರಿಸಲು ನೀರು ಕಾಯಿಸುವ ಹ್ಯುಮಿಡಿಫೈಯರ್ ಮತ್ತು ಬಿಸಿಯಾಗುವ ಕೊಳವೆ; ಅವೆರಡನ್ನೂ ಆರಿಸಿದರೆ ಬಳಕೆ ಬಹಳ ಇಳಿಯುತ್ತದೆ. ಸರಾಸರಿ 10 ವಾಟ್ ಎಂದುಕೊಂಡರೂ 8 ಗಂಟೆಗೆ 80 ವಾಟ್-ಗಂಟೆ, ಎರಡು ರಾತ್ರಿಗೆ 160 ಆಗುತ್ತದೆ. ನಷ್ಟವನ್ನು ಲೆಕ್ಕಹಾಕಿ 220 ಇರಿಸಿಕೊಳ್ಳುವುದು ಕ್ಷೇಮ. ಯಂತ್ರದ ಗಾಳಿಯ ಒತ್ತಡ ಹೆಚ್ಚಿದ್ದರೆ ಇದು ಸಾಲದು, ಆದ್ದರಿಂದ ಹೊರಡುವ ಮುನ್ನ ಮನೆಯಲ್ಲೇ ಒಂದು ರಾತ್ರಿ ಬ್ಯಾಟರಿಯಿಂದ ನಡೆಸಿ ನೋಡಲೇಬೇಕು.

ಉತ್ತರ 2: ಇನ್ವರ್ಟರ್ ಬಳಸಿದರೆ ಶಕ್ತಿ ವ್ಯರ್ಥವಾಗುತ್ತದೆ, ನಿಮ್ಮ ಯಂತ್ರ 12 ವೋಲ್ಟ್‌ನದೋ 24 ವೋಲ್ಟ್‌ನದೋ ನೋಡಿ, ಅದಕ್ಕೆ ತಕ್ಕ ಡಿಸಿ ಅಡಾಪ್ಟರನ್ನೇ ಕೊಳ್ಳಿ.

ಉತ್ತರ 3: ವಿಮಾನದಲ್ಲಿ ಹೋಗುವುದಾದರೆ, 100ರಿಂದ 160 ವಾಟ್-ಗಂಟೆಯ ಲಿಥಿಯಂ ಬ್ಯಾಟರಿಗೆ ವಿಮಾನಸಂಸ್ಥೆಯ ಒಪ್ಪಿಗೆ ಪಡೆಯಬೇಕು; 160 ಮೀರಿದ್ದನ್ನು ಸಾಮಾನ್ಯವಾಗಿ ಒಯ್ಯಲು ಬಿಡುವುದಿಲ್ಲ.